ತೋಪಿನವರು ಎಲ್ಲಿಗೆ ಹೋಗಬೇಕು

ಚಾಂಪಿಯನ್ ರೀಫ್ಸ್
೧೧-೨-೧೯೬೧, ಶನಿವಾರ

ತಮ್ಮ ಜಯರಾಮನಿಗೆ ಅಕ್ಕನ ಆಶೀರ್ವಾದ.

ನೀನೂ ನಿನ್ನ ಹೆಂಡತಿ ಮುನಿನಾರಾಯಣಮ್ಮನೂ ಹೊಸ ಮನೆಯಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ನಾವೂ ಇಲ್ಲಿ ಇದ್ದೇವೆ. ಸುಖವೋ ಅಲ್ಲವೋ ಎಂಬುದನ್ನು ಕಾಗದ ಓದಿ ಮುಗಿಸಿದ ಮೇಲೆ ನೀನೇ ತೀರ್ಮಾನಿಸು. ತೋಪು ಕಡಿದ ವರ್ಷದಿಂದ ನಾನು ನಿನಗೆ ಬರೆದಿಲ್ಲ. ನಿನ್ನ ಗೃಹಪ್ರವೇಶಕ್ಕೆ ಬಂದವಳು ಊಟ ಮಾಡಿ, ಮಾತಾಡದೆ ಎದ್ದು ಬಂದೆ. ಈಗ ಬರೆಯುತ್ತಿರುವುದಕ್ಕೆ ಕಾರಣ ಒಂದೇ. ನಮ್ಮೂರ ತೋಪಿನಲ್ಲಿ ಉಳಿದಿರುವ ಆ ಒಂಟಿ ಹುಣಸೆಮರವನ್ನು ಪಂಚಾಯ್ತಿ ಹರಾಜಿನಲ್ಲಿ ನೀನು ಹಿಡಿದಿದ್ದೀಯಂತೆ. ಬರುವ ಬುಧವಾರ ಗರಗಸದವರನ್ನು ಕಳಿಸುತ್ತೀಯಂತೆ. ಕಳಿಸಬೇಡ.

ನಿನ್ನೆ ಬೇತಮಂಗಲದ ಬಸ್ಸು ಹಿಡಿದು ಊರಿಗೆ ಹೋಗಿದ್ದೆ. ಅಲ್ಲಿ ಒಂದು ಕೆಲಸವಿತ್ತು, ಅದನ್ನು ಆಮೇಲೆ ಹೇಳುತ್ತೇನೆ. ಹೋದಾಗ ಕಿವಿಗೆ ಬಿದ್ದದ್ದು ಈ ಸುದ್ದಿಯಲ್ಲ, ಸುದ್ದಿ ಮೊದಲೇ ಗೊತ್ತಿತ್ತು. ಕೇಳಿಸಿದ್ದು ನಮ್ಮ ಪಾಪಕ್ಕನ ಮಾತು. ಕೆರೆಕಟ್ಟೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಾ ಹೇಳಿದಳು: "ನಿನ್ ತಮ್ಮ ನೆಳ್ಳು ಮಾರೋನಾಗವ್ನೆ ಕಣಮ್ಮಿ. ನಾಳಿಕ್ ಬಿಸ್ಲೂ ತೂಕಕ್ ಆಕ್ತಾನೆ." ನಾನು ನಗಲಿಲ್ಲ. ಪಾಪಕ್ಕನೂ ನಗಲಿಲ್ಲ.

ನಾನು ಬಾಯಿ ತೆರೆದರೆ ಉಪನ್ಯಾಸವಾಗುತ್ತದೆ, ರೀಡಿಂಗ್ ರೂಮಿನ ಪೇಪರನ್ನೆಲ್ಲ ನುಂಗಿ ಕೂತಿದ್ದಾಳೆ ಎಂದು ನೀನು ನಿನ್ನ ಡಿಪೋದವರ ಮುಂದೆ ಆಡಿಕೊಳ್ಳುವುದು ಗೊತ್ತು. ಆಡಿಕೋ. ಲೋಯರ್ ಸೆಕೆಂಡರಿ ಪಾಸು ಮಾಡಿದವಳಿಗೆ ಓದುವ ಚಟ ಬಿಟ್ಟು ಬೇರೆ ಚಟವಿಲ್ಲ. ಆದರೆ ಮರದ ವಿಷಯ ನಾನು ಪೇಪರಿನಲ್ಲಿ ಓದಿ ತಿಳಿದದ್ದಲ್ಲ. ನಮ್ಮ ತಾತ ಸೊಣ್ಣಪ್ಪ ಕಾಮಸಮುದ್ರದ ಕಾಡಿನಿಂದ ಗಾಡಿ ಹೊಡೆದವರು. ಆಗ ಗಣಿಯ ಬಾಯ್ಲರುಗಳು ಹಗಲೂ ರಾತ್ರಿ ಸೌದೆ ತಿನ್ನುತ್ತಿದ್ದವಂತೆ. ಗಾಡಿಗಳ ಸಾಲು ಎಷ್ಟು ಉದ್ದವಿರುತ್ತಿತ್ತೆಂದರೆ, ಮುಂದಿನ ಗಾಡಿ ಗಣಿ ಸೇರಿದಾಗ ಹಿಂದಿನ ಗಾಡಿಯವನು ಇನ್ನೂ ಕಾಡಿನ ನೆರಳಲ್ಲಿ ನಿದ್ದೆ ಮಾಡುತ್ತಿದ್ದನಂತೆ. ಶಿವನಸಮುದ್ರದಿಂದ ಕರೆಂಟು ಬಂದಾಗ, ಇನ್ನು ಮರ ಬದುಕಿತು ಅಂದುಕೊಂಡರು. ಬದುಕಲಿಲ್ಲ. ಬಾಯ್ಲರಿನ ಬಾಯಿ ಮುಚ್ಚಿತು, ನೆಲದ ಬಾಯಿ ತೆರೆದೇ ಇತ್ತು. ಚಿನ್ನದ ಕಲ್ಲು ತೆಗೆದ ಜಾಗ ಕುಸಿಯದಂತೆ ಮರ ಕೊಡಬೇಕಲ್ಲ. ಕಂಬ, ತೊಲೆ, ಅಟ್ಟಣೆ. ನಮ್ಮ ಗುಡ್ಡಗಳು ಬೋಳಾದ ಮೇಲೆ ರೈಲಿನಲ್ಲಿ ಮರ ಬಂತು, ನಿನ್ನ ಬಂಗಾರಪೇಟೆ ಸ್ಟೇಷನ್ನಿನ ಪಕ್ಕ ಡಿಪೋಗಳೆದ್ದವು. ನಾನಿರುವ ಈ ಲೈನು ಮನೆಗಳ ಕೆಳಗೆ, ಚಿನ್ನ ತೆಗೆದು ಸುರಿದ ಈ ಸಯನೈಡ್ ಮಣ್ಣಿನ ದಿಬ್ಬಗಳ ಕೆಳಗೆ, ಒಂದು ಇಡೀ ಕಾಡು ನಿಂತಿದೆ ಜಯರಾಮ. ಎಲೆಯಿಲ್ಲ, ಹಕ್ಕಿಯಿಲ್ಲ, ಗಾಳಿಯಿಲ್ಲ. ನಿನ್ನ ಭಾವ ದಿನಾ ಗಣಿಗಿಳಿಸುವ ಕೇಜು ಹತ್ತಿ ಆ ಕಾಡಿಗೆ ಹೋಗಿಬರುತ್ತಾರೆ. ಮರ ನಿಲ್ಲಿಸುವ ಗ್ಯಾಂಗಿನ ಮನುಷ್ಯ, ಅವರಿಗೆ ಬೇರೆ ದಾರಿಯಿಲ್ಲ.

ಈಗ ಅಮ್ಮನ ವಿಷಯಕ್ಕೆ ಬರುತ್ತೇನೆ.

ನಮ್ಮೂರ ಸೀಮೆಯಲ್ಲಿ ಯಾರು ಮರ ಕಡಿಸಬೇಕಾದರೂ ಅಮ್ಮನನ್ನು ಕರೆಯುತ್ತಿದ್ದರು. ನರಸಮ್ಮ ಬಂದು ಹೇಳದೆ ಕೊಡಲಿ ಏಳುತ್ತಿರಲಿಲ್ಲ. ಮುಂಚಿನ ದಿನ ದೀಪ ಹಚ್ಚುವ ಹೊತ್ತಿಗೆ ಮರಕ್ಕೆ ಅರಿಶಿನದ ದಾರ ಕಟ್ಟಿ, ಬುಡಕ್ಕೆ ಕೊಡಲಿ ಒರಗಿಸಿ, ಕೈಯಿಟ್ಟು ಹೇಳುತ್ತಿದ್ದಳು: "ನಾಳಿಕ್ ಬತ್ತೀವಿ. ನೀವು ಇಂಥಾ ಮರಕ್ಕೋಗ್ರಮ್ಮಾ." ಯಾವ ಮರವೆಂದು ತೋರಿಸಿಯೇ ಹೇಳುತ್ತಿದ್ದಳು. ಕೆರೆಯಂಚಿನ ನೇರಳೆಯೋ, ದಿಣ್ಣೆಯ ಮೇಲಿನ ಬೇವೋ. ಮರದೊಳಗೆ ಇರುವವರು ಯಾರು ಎಂದು ನಾವು ಕೇಳಿದರೆ ಬಯ್ಯುತ್ತಿದ್ದಳು. ತೋಪಿನವರು ಎಂದಷ್ಟೇ ಅನ್ನುತ್ತಿದ್ದಳು, ಪಕ್ಕದ ಮನೆಯವರು ಎನ್ನುವ ಹಾಗೆ. ನೀನು ಅವಳ ಸೆರಗು ಹಿಡಿದುಕೊಂಡು ನಿಂತದ್ದು ನನಗೆ ನೆನಪಿದೆ. ನಿನಗೂ ಇರಬೇಕು.

ನೀನು ಹುಣಸೆಯೊಂದು ಬಿಟ್ಟು ತೋಪನ್ನೆಲ್ಲ ಹಿಡಿದಾಗ ಅಮ್ಮ ಹೇಳಲು ಒಪ್ಪಲಿಲ್ಲ. ನೀನು ಅದನ್ನು ಹಠ ಎಂದೆ. ಅದು ಹಠವಾಗಿರಲಿಲ್ಲ. ನಡುಮನೆಯಲ್ಲಿ ಕೂತು ಅವಳು ನಿನಗೆ ಹೇಳಿದ್ದು ನಾನು ಕೇಳಿದ್ದೇನೆ: "ಎಬ್ಸೋಕೇನೋ ಎಬ್ಬುಸ್ತೀನಿ ಕಣ್ಲಾ. ಕೂರ್ಸೋಕ್ ಜಾಗ ಎಲ್ಲೈತೆ? ಎಲ್ಲಾ ನೀನೇ ಬರೆಸ್ಕೊಂಡಿದ್ದೀಯ." ಹುಣಸೆಮರವೊಂದು ಉಳಿಯುತ್ತದಲ್ಲ ಎಂದು ನೀನು ಅಂದೆ. ಅವಳು, ಅಷ್ಟು ಮಂದಿಗೆ ಒಂದು ಮನೆ ಸಾಲುವುದಿಲ್ಲ, ಯೋಚನೆ ಮಾಡುತ್ತೇನೆ, ಒಂದು ವಾರ ತಡಿ ಎಂದಳು. ನೀನು ತಡೆಯಲಿಲ್ಲ. ನಿನ್ನ ವ್ಯಾಗನ್ನಿಗೆ ಹೊತ್ತಾಗಿತ್ತು.

ಆಮೇಲೆ ಏನು ಮಾಡಿದೆ? ಗರಗಸದವರು ಹೇಳದೆ ಕಡಿಯುವುದಿಲ್ಲ ಎಂದು ಕೂತಾಗ, ಅವರ ಮೇಸ್ತ್ರಿ ಮುನಿಶಾಮಿಯ ಕೈಯಲ್ಲೇ ಹೇಳಿಸಿದೆ. ಅವನು ಬೀಡಿ ಎಸೆದು, ತೋಪಿನ ನಡುವೆ ನಿಂತು, "ಓಗ್ರಮ್ಮಾ ಓಗ್ರಿ, ಎಲ್ರೂ ಬಿಟ್ಟೋಗ್ರಿ" ಅಂದ. ಅಷ್ಟೇ. ಎಬ್ಬಿಸಿದ. ಎಲ್ಲಿಗೆ ಎಂದು ಹೇಳಲಿಲ್ಲ. ಅವನಿಗೆ ಅದು ತಿಳಿದಿರಲಿಲ್ಲ, ಬೇರೆ ಸೀಮೆಯವನು. ನಿನಗೆ ತಿಳಿದಿತ್ತು.

ಅಮ್ಮ ಅಂದಿನಿಂದ ಬಾಗಿಲ ಕಡೆ ಮುಖ ಮಾಡಿ ಮಲಗುತ್ತಿರಲಿಲ್ಲ. ಮುಂದಿನ ಯುಗಾದಿಗೆ ಇರಲಿಲ್ಲ.

ಆ ಮರಗಳು ನಿನ್ನ ಡಿಪೋದಿಂದ ಎಲ್ಲಿಗೆ ಬಂದವೆಂದು ನೀನು ಎಂದಾದರೂ ಯೋಚಿಸಿದ್ದೀಯಾ? ಇಲ್ಲಿಗೆ ಬಂದವು. ಒಂದು ದಿನ ನಿನ್ನ ಭಾವ ಶಿಫ್ಟು ಮುಗಿಸಿ ಬಂದವರು ಸ್ನಾನ ಮಾಡದೆ ಕೂತರು. ಕೆಳಗಿನ ಲೆವೆಲ್ಲಿನಲ್ಲಿ ಒಂದು ಅಡ್ಡದಾರಿಗೆ ಕಂಬ ಕೊಡುತ್ತಿದ್ದರಂತೆ. ಸಿಪ್ಪೆ ತೆಗೆಯದ ಒಂದು ಹೊಂಗೆ ಕಂಬದ ಮೇಲೆ ದೀಪ ಬಿದ್ದಾಗ, ಎರಡು ಕಡೆ ಹಗ್ಗ ತಿಂದ ಗಾಯ ಕಂಡಿತಂತೆ. ನಾವು ಯುಗಾದಿಗೆ ಉಯ್ಯಾಲೆ ಕಟ್ಟುತ್ತಿದ್ದ ಕೊಂಬೆ. ಮದುವೆಯಾದ ಹೊಸದರಲ್ಲಿ ಅವರೇ ನನ್ನನ್ನು ಅದರಲ್ಲಿ ಕೂರಿಸಿ ತೂಗಿದ್ದರು. ಭೂಮಿಯೊಳಗೆ ಅಷ್ಟು ಆಳದಲ್ಲಿ, ಆ ಬಿಸಿಯಲ್ಲಿ, ನಮ್ಮೂರ ಗುರುತು ಕಂಡವರಿಗೆ ಏನಾಗಿರಬೇಕು. ಅವರ ಜೊತೆಯ ಆರುಮುಗಂ ತಮಾಷೆ ಮಾಡಿದನಂತೆ: "ಏನಪ್ಪಾ ಕೋದಂಡ, ನಿಮ್ಮೂರ್ ಮರಾನೂ ಶಿಫ್ಟ್‌ಗೆ ಸೇರ್ಕೊಂಡ್ಬುಟ್ಟೈತೆ? ಅದುಕ್ಕೂ ಟೋಕನ್ ಕೊಟ್ಟವ್ರಾ ಮಚ್ಚಾ?"

ಆರುಮುಗಂ ಬಹಳ ದಿನ ತಮಾಷೆ ಮಾಡಲಿಲ್ಲ. ಸ್ವಲ್ಪ ದಿನಕ್ಕೆ ಆ ಕಂಬಗಳು ಚಿಗುರಿದವು. ಹಸಿ ಮರ ಕೆಳಗಿನ ಶೆಕೆಗೆ ಚಿಗುರುವುದು ಹೊಸದಲ್ಲ, ಬಿಳಿ ಎಲೆ ಬಿಟ್ಟು ನಾಲ್ಕು ದಿನಕ್ಕೆ ಉದುರುತ್ತದೆ, ಗಣಿಯವರೆಲ್ಲ ನೋಡಿದ್ದಾರೆ. ನಮ್ಮ ತೋಪಿನವು ಉದುರಲಿಲ್ಲ. ಕಾಗದದಂಥ ಬಿಳಿ ಎಲೆ ಬಿಟ್ಟುಕೊಂಡು ನಿಂತವು. ಗಾಳಿಯಿಲ್ಲದ ಕಡೆ ಅಲುಗಿದವು. ಮೇಲೆ ಹೊಂಗೆ ಹೂ ಬಿಡುವ ಕಾಲಕ್ಕೆ ಕೆಳಗೆ ಆ ದಾರಿಯಲ್ಲಿ ಹೊಂಗೆಯ ವಾಸನೆ ಬಂತು. ನಿನ್ನ ಭಾವನ ಅಂಗಿಯಲ್ಲಿ ನಾನೇ ಮೂಸಿ ನೋಡಿದ್ದೇನೆ. ಸಿಡಿಮದ್ದಿನ ಹೊಗೆ, ಬೆವರು, ಅದರ ಮಧ್ಯೆ ಹೊಂಗೆ.

ಗಣಿಯಲ್ಲಿ ಒಂದು ಮಾತಿದೆ. ಮರ ಮಾತಾಡಿದರೆ ಓಡು. ಮೇಲಿನ ಬಂಡೆ ಕೂರಲು ಶುರುಮಾಡಿದರೆ ಕಂಬ ಕಿರುಗುಟ್ಟುತ್ತದೆ, ಕಲ್ಲು ಬೀಳುವ ಮೊದಲು ಮನುಷ್ಯನಿಗೆ ಸಿಗುವ ಸೂಚನೆ ಅದೊಂದೇ. ನಮ್ಮ ತೋಪಿನ ಕಂಬಗಳು ಬಂಡೆ ಕೂರದಿದ್ದರೂ ಮಾತಾಡುತ್ತಿದ್ದವು. ಮೇಲೆ ದನ ಮನೆಗೆ ಬರುವ ಹೊತ್ತಿಗೆ ಶುರುವಾಗಿ, ಒಂದು ಕಂಬ ಬಿಟ್ಟು ಒಂದು ಕಂಬ, ಸಾಲಾಗಿ. ಮೊದಮೊದಲು ಗ್ಯಾಂಗಿನವರು ಓಡಿಬಂದರು. ಏನೂ ಬೀಳಲಿಲ್ಲ. ಮತ್ತೆ ಓಡಿದರು, ಮತ್ತೆ ಬೀಳಲಿಲ್ಲ. ಮೇಲಿನವರಿಂದ ಬೈಸಿಕೊಂಡರು. ಕೊನೆಗೆ ಓಡುವುದನ್ನು ಬಿಟ್ಟರು. ಅದು ಇರುವುದೇ ಹಾಗೆ ಎಂದುಕೊಂಡರು.

ಒಂದು ದಿನ ಬಂಡೆ ನಿಜವಾಗಿ ಕೂತಿತು. ಕುಪ್ಪುಸ್ವಾಮಿ ಎಂದು ಒಬ್ಬರಿದ್ದರು, ನಮ್ಮ ಹಿಂದಿನ ಲೈನಿನ ಅಮ್ಮಾಜಮ್ಮನ ಗಂಡ. ಕಂಬದ ಮಾತು ಕೇಳಿಯೂ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದರಂತೆ. "ಅಯ್ಯೋ, ಅದು ದಿನಾ ವಟಗುಟ್ಟೋದೇ, ಕೂತ್ಕೊಳ್ರಪ್ಪಾ" ಎಂದು ಉಳಿದವರನ್ನೂ ಕರೆದರಂತೆ. ಮಿಕ್ಕವರು ಕೈ ತೊಳೆಯಲು ಹೋಗಿದ್ದರಿಂದ ಬದುಕಿದರು, ಅವರು ಬದುಕಲಿಲ್ಲ. ಅಮ್ಮಾಜಮ್ಮ ನಮ್ಮ ಮನೆಗೆ ಬೆಂಕಿ ಕೇಳಲು ಬರುತ್ತಾಳೆ. ಆ ಮರ ಯಾರು ಮಾರಿದ್ದು ಎಂದು ಅವಳಿಗೆ ಗೊತ್ತಿಲ್ಲ. ನಾನು ಹೇಳಿಲ್ಲ. ಇನ್ನು ಎಷ್ಟು ದಿನ ಹೇಳದೆ ಇರುತ್ತೇನೋ ನನಗೇ ಗೊತ್ತಿಲ್ಲ.

ಆ ದಾರಿ ತೆರವು ಮಾಡಲು ನಿನ್ನ ಭಾವನ ಗ್ಯಾಂಗನ್ನೇ ಕಳಿಸಿದರು. ಆಗ ಅವರು ಮೊದಲ ಸಲ ಕಂಬಗಳ ಮಾತನ್ನು ನಿಂತು ಕೇಳಿದರು. ನಂಬಿದರೆ ನಂಬು. ಅವರು ಸುಳ್ಳು ಹೇಳುವವರಲ್ಲ, ಕುಡಿಯುವವರೂ ಅಲ್ಲ. ಆರುಮುಗಂ ಪಕ್ಕದಲ್ಲಿದ್ದ, ಅವನೂ ಕೇಳಿದ. ಆಮೇಲೆ ಒಂದು ತಿಂಗಳು ಮಾರಿಕುಪ್ಪಂ ಕಡೆಯ ಕೆಲಸ ಕೇಳಿಕೊಂಡು ಹೋಗಿದ್ದ. ನಮ್ಮ ಮನೆಯ ಜಗಲಿಯಲ್ಲಿ ಕೂತು ನನಗೆ ಹೇಳಿದ: "ಅಕ್ಕಾ, ಅದು ಕಿರ್ ಕಿರ್ ಅಲ್ಲ. ಪೊಂಬಳೆ ಕೊರಳು, ಹೆಂಗ್ಸಿನ್ ಕೊರಳು. ಎಲ್ಲಿಗೋಗ್ಲಿ, ಎಲ್ಲಿಗೋಗ್ಲಿ ಅಂತೈತೆ. ಒಂದಲ್ಲ, ಸುಮಾರು." ನಮ್ಮೂರ ರಾಗ ಅವನಿಗೆ ಬಾರದು. ಆದರೂ ಓಗ್ಲಿ ಎನ್ನುವುದನ್ನು ನಮ್ಮ ಅಮ್ಮ ಎಳೆಯುವ ಹಾಗೆ ಎಳೆದು ಹೇಳಿದ.

ನಿನ್ನ ಭಾವ ಆ ದಿನ ಏನು ಮಾಡಿದರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಉಳಿದವರು ಕೇಜಿನ ಕಡೆ ನಡೆದ ಮೇಲೆ ಅವರು ಹಿಂದೆ ಉಳಿದು, ಉಯ್ಯಾಲೆಯ ಗಾಯವಿದ್ದ ಕಂಬದ ಮೇಲೆ ಕೈಯಿಟ್ಟು, ಅಮ್ಮ ಹೇಳುತ್ತಿದ್ದ ರೀತಿಯಲ್ಲೇ ಹೇಳಿದರಂತೆ: "ಉಣಸೆಮರ ಇನ್ನೂ ಐತೆ ಕಣ್ರಮ್ಮಾ. ಎಲ್ರೂ ಅಲ್ಲಿಗೋಗ್ರಿ. ಇಕ್ಕಟ್ಟಾದ್ರೂ ಸರ್ಕೊಳ್ರಿ." ಕೇಳಿದವರಿಗೆ ಯಾರಾದರೂ ಜವಾಬು ಕೊಡಬೇಕಲ್ಲ ಎಂದರು ನನಗೆ. ಮರುದಿನ ಹೋಗಿ ನೋಡಿದರೆ ಬಿಳಿ ಎಲೆಗಳೆಲ್ಲ ನೆಲದ ಮೇಲೆ ಬಿದ್ದಿದ್ದವಂತೆ. ಕಂಬಗಳು ಬರೀ ಕಂಬಗಳಾಗಿದ್ದವು.

ತೋಪಿನವರು ಹೋದದ್ದು ನಿಜವೋ ಸುಳ್ಳೋ ಎಂದು ನೀನು ಕೇಳಬೇಡ. ಆ ವರ್ಷ ಹುಣಸೆ ಎಂದೂ ಇಲ್ಲದ ಹಾಗೆ ಕಾಯಿ ಬಿಟ್ಟಿತು, ಕೊಂಬೆಗಳು ನೆಲ ಮುಟ್ಟಿದವು. ಊರವರು ಬಡಿದು, ಬಿಡಿಸಿ, ಮನೆಮನೆಗೆ ಹಂಚಿಕೊಂಡರು. ಚಿಕ್ಕವೆಂಕಟಮ್ಮ ನನಗೂ ಒಂದು ಉಂಡೆ ಕಟ್ಟಿ ಕಳಿಸಿದಳು. ಸಾರು ಮಾಡಿದೆ. ನಿನ್ನ ಭಾವ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದರು. ನಾನೂ ನಾಲಿಗೆಗೆ ಹಚ್ಚಿ ನೋಡಿದೆ. ಸಿಡಿಮದ್ದಿನ ಹೊಗೆಯ ರುಚಿ ಜಯರಾಮ. ಇಲ್ಲಿ ಪ್ರತಿ ಹೆಂಗಸಿಗೂ ಗೊತ್ತಿರುವ ರುಚಿ, ಗಂಡನ ಅಂಗಿ ಒಗೆದ ನೀರಿನ ವಾಸನೆ. ನಮ್ಮೂರ ಮಣ್ಣಿನಲ್ಲಿ ಆ ರುಚಿ ಎಲ್ಲಿಂದ ಬರಬೇಕು? ಈಗ ಊರಲ್ಲಿ ಆ ಹಣ್ಣನ್ನು ಯಾರೂ ಮುಟ್ಟುವುದಿಲ್ಲ. ಹಣ್ಣು ಉಪಯೋಗಕ್ಕೆ ಬಾರದ ಮರ ಎಂದೇ ಪಂಚಾಯ್ತಿಯವರು ಹರಾಜಿಗಿಟ್ಟರಂತೆ. ನೀನು ಹಿಡಿದೆ.

ಹುಣಸೆ ಗಟ್ಟಿ ಮರ, ಅದು ಗಣಿಗೇ ಹೋಗುತ್ತದೆ. ಇಲ್ಲಿಗೇ ಬರುತ್ತದೆ. ನಿಲ್ಲಿಸುವವರು ನಿನ್ನ ಭಾವನೇ. ಈ ಸುದ್ದಿ ಅವರ ಕಿವಿಗೂ ಬಿದ್ದಿದೆ. ಗಣಿಯ ಸಂಗು ಊದಿದರೆ ಎದ್ದು ಹೋಗುತ್ತಾರೆ, ಬರುತ್ತಾರೆ. ಮೊನ್ನೆ ಊಟಕ್ಕೆ ಕೂತಾಗ ತಾವಾಗಿ ಮಾತು ತೆಗೆದರು. ಬೇಸರದಿಂದಲ್ಲ, ಭಯದಿಂದಲೂ ಅಲ್ಲ, ನೆಂಟರ ಮನೆಗೆ ಹೋಗುವ ಮಾತಿನ ಹಾಗೆ: "ಈ ಸಲ ಅವು ಬಂದ್ರೆ ತೋರ್ಸೋಕ್ ಮರ ಇಲ್ಲ ನೋಡು. ನಾನೇ ಅಲ್ಲಿ ಇದ್ಬುಡ್ತೀನಿ. ಯಾರಾನಾ ಊರೋರು ಜತೇಲಿದ್ರೆ ಅವಕ್ಕೆ ಸಮಾಧಾನ." ನಾನು ಬೈದೆ, ಅತ್ತೆ, ಕಾಲು ಹಿಡಿದೆ. ಅವರು ಉಪ್ಪಿನಕಾಯಿ ಕೇಳಿದರು.

ಈಗ ತಿಳಿಯಿತೇ ನಾನು ಯಾಕೆ ಬರೆಯುತ್ತಿದ್ದೇನೆಂದು? ನನಗೆ ಬೇಕಾಗಿರುವುದು ಮರವಲ್ಲ. ನನ್ನ ಗಂಡ ಬುಧವಾರದ ನಂತರವೂ ಕೇಜಿನಿಂದ ಮೇಲೆ ಬರಬೇಕು. ಅದಕ್ಕೆ ಆ ಮರ ನಿಂತಿರಬೇಕು.

ನಿನಗೆ ನಷ್ಟವೇನೂ ಇಲ್ಲ. ನಿನ್ನ ಡಿಪೋಗೆ ನೀಲಗಿರಿ ಬರುತ್ತಿದೆ, ಸರ್ವೆ ಬರುತ್ತಿದೆ, ಆ ಮರಗಳು ಹುಟ್ಟಿದ್ದೇ ಹೀಗೆ ಸಾಯಲು, ಯಾರಾದರೂ ಬಂದು ಒಳಗೆ ಕೂರುವಷ್ಟು ದಿನ ಅವು ನಿಲ್ಲುವುದಿಲ್ಲ. ಹೋದ ವರ್ಷ ವನಮಹೋತ್ಸವದಲ್ಲಿ ನೀನು ಹಾರ ಹಾಕಿಸಿಕೊಂಡು ಸಸಿ ನೆಟ್ಟದ್ದನ್ನು ನಾನೂ ಜನರ ನಡುವೆ ನಿಂತು ನೋಡಿದೆ. ಕೈಗೆ ಮಣ್ಣಾಯಿತೆಂದು ನೀನು ಪಕ್ಕದವನ ಹೆಗಲ ವಲ್ಲಿಯಲ್ಲಿ ಒರೆಸಿಕೊಂಡೆ. ಆ ಸಸಿಯನ್ನು ಮೇಕೆ ತಿಂದು ಎಷ್ಟೋ ಕಾಲವಾಯಿತು. ಅದರ ವಿಷಯ ಪತ್ರಿಕೆಗೆ ಬರೆದೆ, ಹಾಕಲಿಲ್ಲ. ಇನ್ನು ನಾನು ಯಾವ ಪತ್ರಿಕೆಗೂ ಬರೆಯುವುದಿಲ್ಲ. ನಿನಗೊಬ್ಬನಿಗೆ ಬರೆಯುತ್ತೇನೆ. ನೆಟ್ಟದ್ದು ಬೇಡ ತಮ್ಮ, ಇರುವ ಒಂದನ್ನು ಬಿಡು. ನಿನಗೆ ಜ್ವರ ಬಂದಾಗ ಅಮ್ಮ ನಿನ್ನನ್ನು ಮಲಗಿಸುತ್ತಿದ್ದದ್ದು ಆ ಹುಣಸೆಯ ನೆರಳಿನಲ್ಲಲ್ಲ, ಹುಣಸೆ ನೆರಳು ಆಗದು ಎಂದು ಸ್ವಲ್ಪ ದೂರದ ಹಲಸಿನ ಕೆಳಗೆ. ಆ ಹಲಸೂ ಈಗಿಲ್ಲ. ಅದರ ಬುಡವನ್ನು ಮಾತ್ರ ನೀನು ಗಣಿಗೆ ಮಾರದೆ ನಿನ್ನ ಹೊಸ ಮನೆಯ ಹೊಸ್ತಿಲಿಗೆ ಇಟ್ಟುಕೊಂಡೆ. ಗೃಹಪ್ರವೇಶದ ದಿನ ಅದನ್ನು ನೋಡಿ ನಾನು ಗುರುತು ಹಿಡಿದೆ. ಆ ಒಂದಕ್ಕಾಗಿ ನಿನ್ನನ್ನು ಪೂರ್ತಿ ದ್ವೇಷಿಸಲು ಇವತ್ತಿನವರೆಗೂ ನನ್ನಿಂದ ಆಗಿಲ್ಲ.

ಈ ಕಾಗದವನ್ನು ನಾಳೆ ಬೆಳಗಿನ ರೈಲಿಗೆ ಆರುಮುಗಂ ತಂದುಕೊಡುತ್ತಾನೆ. ಅವನಿಗೆ ಕಾಫಿ ಕೊಟ್ಟು, ಅವನ ಕೈಯಲ್ಲೇ ಒಂದು ಮಾತು ಹೇಳಿ ಕಳಿಸು. ಬರೆಯುವುದೂ ಬೇಡ.

ನಿನ್ನ ಒಳ್ಳೆಯದನ್ನು ಬಯಸುವುದನ್ನು ಇನ್ನೂ ಕಲಿತು ಮುಗಿಸದ ಅಕ್ಕ,
ವರಲಕ್ಷ್ಮಮ್ಮ

ಮರೆತಿದ್ದು: ನಿನ್ನೆ ಊರಿಗೆ ಹೋದ ಕೆಲಸವೇನೆಂದು ಹೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹುಣಸೆಗೆ ಅರಿಶಿನದ ದಾರ ಕಟ್ಟಿದೆ. ಪಾಪಕ್ಕನ ಮನೆಯ ಕೊಡಲಿ ಒರಗಿಸಿದೆ. ಅಮ್ಮನ ನಂತರ ಹೇಳಬೇಕಾದವಳು ನಾನೇ ತಾನೆ. ಕೊಡಲಿ ಬಿದ್ದರೆ ಮಾತ್ರ ಏಳಿ, ಬೀಳದಿದ್ದರೆ ಇಲ್ಲೇ ಇರಿ ಎಂದೆ. ಆಮೇಲೆ ಜಾಗ ತೋರಿಸಬೇಕಿತ್ತು. ಸುತ್ತ ನೋಡಿದೆ, ಕೆರೆಯವರೆಗೂ ಒಂದು ಮರ ಕಾಣಲಿಲ್ಲ. ನನ್ನ ಗಂಡನ ಹತ್ತಿರಕ್ಕೆ ಮತ್ತೆ ಕಳಿಸಲಾರೆ. ಸಂಕ್ರಾಂತಿಗೆ ಎಳ್ಳು ಬೀರಲು ಬಂದಾಗ ನಿನ್ನ ಹೆಂಡತಿ ನಗುತ್ತಾ ಹೇಳಿದ್ದು ಆಗ ನೆನಪಾಯಿತು: "ಅತ್ತಿಗೆ, ನಮ್ ಒಸ್ಲು ಮರ ಚಿಗುರೈತೆ ಕಣ್ರೀ, ಬೆಳ್ಳಗೆ. ಲಕ್ಷ್ಮಿ ಬಂದವ್ಳೆ ಅಂತ ದಿನಾ ನೀರಾಕ್ತೀನಿ." ಒಬ್ಬರು ಆಗಲೇ ನಿನ್ನ ಮನೆಯಲ್ಲಿದ್ದಾರೆ ಜಯರಾಮ. ಉಳಿದವರಿಗೂ ಅದೇ ಬಾಗಿಲು ಹೇಳಿ ಬಂದಿದ್ದೇನೆ. ಬುಧವಾರ ಗರಗಸದವರನ್ನು ಕಳಿಸಲು ಹೊರಡುವ ಮುಂಚೆ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಲ್ಲು. ಅವರು ಕೇಳುವುದು ಒಂದೇ ಮಾತು. ಜವಾಬು ನೀನು ಕೊಡು.